ಮಾಳಿಗೆಯ ತಂಪು, ಮಾಳಿಗೆಯ ಭಾರ

ಹಳೆ ಮೈಸೂರಿನ ಕನ್ನಡದಲ್ಲಿ ‘ಮಾಳಿಗೆ’ ಎಂದರೆ ಮೇಲಂತಸ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದಲ್ಲಿ ಮನೆಯ ಮೇಲಿನ ಮಟ್ಟಸವಾದ ಮಣ್ಣಿನ ಛಾವಣಿ. ಇಂಥದೇ ಛಾವಣಿಗೆ ನೆರೆಯ ಮರಾಠಿಯಲ್ಲಿ ‘ಮಾಳವದ’, ಆದವಾನಿ ಸೀಮೆಯ ತೆಲುಗಿನಲ್ಲಿ ‘ಮಿದ್ದೆ’ ಎಂಬ ಹೆಸರಿದೆ. ಈ ಮನೆಯ ಗಡಿಯನ್ನು ಎಳೆದದ್ದು ಮಳೆಯೇ ಹೊರತು 1956ರ ರಾಜ್ಯ ಪುನರ್ವಿಂಗಡಣೆಯಲ್ಲ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಕಾಸರಗೋಡಿನ ಕನ್ನಡಿಗರು ಇಳಿಜಾರು ಮಾಡಿನ ಕೆಳಗೆ ಬಾಳಿದರು. ಮಳೆನೆರಳಿನ ಸೀಮೆಯವರು ಮಣ್ಣನ್ನೇ ತಲೆಯ ಮೇಲೆ ಹೊತ್ತರು.

ಈ ಮನೆಯ ತಂಪಿಗೆ ಅದರ ಭಾರವೇ ಕಾರಣ. ಕಂಬ-ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ದಪ್ಪನೆಯ ಮಣ್ಣು, ಕೊನೆಗೆ ಚೌಳು ಮಣ್ಣಿನ ಪದರ. ಚೌಳು ನೆನೆದಾಗ ಉಬ್ಬಿ ಬಿರುಕುಗಳನ್ನು ಮುಚ್ಚುತ್ತದೆ; ನೀರು ಕೆಳಗಿಳಿಯದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಈ ಮಣ್ಣನ್ನೂ ಕಲ್ಲುಗೋಡೆಯನ್ನೂ ಹಾದು ಒಳಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆ ಬಿಸಿಗಾಳಿ ಬೆಳಕಿಂಡಿಯಿಂದ ಹೊರಹೋಗುತ್ತದೆ, ಮನೆಮಂದಿ ಹಾಸಿಗೆ ಹೊತ್ತು ಮಾಳಿಗೆ ಏರುತ್ತಾರೆ. ಆದರೆ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಬೇಕಿತ್ತು. ತಲೆಮಾರುಗಳು ಕಳೆದಂತೆ ಪದರ ಬೆಳೆಯಿತು, ತಂಪಿನೊಡನೆ ಭಾರವೂ ಹೆಚ್ಚಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಊರೂರುಗಳನ್ನೇ ನೆಲಸಮ ಮಾಡಿತು. ನಿದ್ರೆಯಲ್ಲಿದ್ದ ಸಾವಿರಾರು ಮಂದಿ ತಮ್ಮನ್ನು ಬಿಸಿಲಿನಿಂದ ಕಾಪಾಡಿದ್ದ ಕಲ್ಲುಮಣ್ಣಿನಡಿಯಲ್ಲೇ ಸತ್ತರು. ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳಿಲ್ಲದೆ ಗೋಡೆಗಳು ಸೀಳಿ ಕುಸಿದಿದ್ದವು. ಅಡ್ಡಗಲ್ಲು ಸೇರಿಸಿ, ಮಾಳಿಗೆಯ ಮಣ್ಣು ತಗ್ಗಿಸಿ, ಕಂಬ-ತೊಲೆಗಳಿಗೆ ಓರೆ ಆಧಾರ ಕೊಟ್ಟರೆ ಹಳೆಯ ಮನೆಗಳನ್ನು ಭದ್ರಪಡಿಸಬಹುದೆಂದು ತಜ್ಞರು ಆಗಲೇ ಸೂಚಿಸಿದ್ದರು. ಅಂದರೆ ದೋಷ ಮಣ್ಣಿನದಾಗಿರಲಿಲ್ಲ; ಬೆಸುಗೆಯದೂ ಮಿತಿಮೀರಿದ ಭಾರದ್ದೂ ಆಗಿತ್ತು.

ಆದರೂ ಹಳ್ಳಿಗಳಲ್ಲಿ ತಗಡೂ ಸ್ಲ್ಯಾಬೂ ಹೆಚ್ಚಿದವು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಆ ಬಿಸಿಯನ್ನು ಒಳಮನೆಗೇ ಬಿಡುತ್ತದೆ. ಹೀಗಾಗಿ ಮಾಳಿಗೆಯನ್ನು ಹಿರಿಯರ ಜಾಣ್ಮೆಯೆಂದಷ್ಟೇ ಹೊಗಳುವ ಬರವಣಿಗೆ ಅರ್ಧ ಚರಿತ್ರೆ. ಅದನ್ನು ಬಿಟ್ಟವರ ಭಯವನ್ನು ಅಜ್ಞಾನವೆನ್ನುವುದು ಅನ್ಯಾಯ. ಗಡಿನಾಡಿನ ಪದಕೋಶಕ್ಕೆ ಜಂತಿ, ಚೌಳು, ಬೆಳಕಿಂಡಿಗಳನ್ನು ಸೇರಿಸುವಾಗ ಅಡ್ಡಗಲ್ಲನ್ನೂ ಮರೆಯದೆ ಸೇರಿಸಬೇಕು.