ರಬಕವಿ-ಬನಹಟ್ಟಿ: ಮಗ್ಗದ ಮನೆಗಳ ಊರು

ರಬಕವಿ, ಬನಹಟ್ಟಿ ಎರಡನ್ನೂ ಇವತ್ತು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಸಂಸ್ಥಾನಗಳ ಕಾಲದಲ್ಲಿ ಹಾಗಿರಲಿಲ್ಲ. ಕೃಷ್ಣೆಯ ದಂಡೆಯ ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಅದರ ಮಗ್ಗುಲಲ್ಲೇ ಇರುವ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಎರಡು ಕಡೆಯೂ ಆಳುತ್ತಿದ್ದವರು ಪಟವರ್ಧನರೇ, ಆದರೆ ದರ್ಬಾರು ಬೇರೆ ಬೇರೆ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಮೈಸೂರು ರಾಜ್ಯ ಬಂತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಜಮಖಂಡಿ ತಾಲ್ಲೂಕಿನಿಂದ ಬಿಡಿಸಿಕೊಂಡು ರಬಕವಿ-ಬನಹಟ್ಟಿ ಸ್ವಂತ ತಾಲ್ಲೂಕಾದದ್ದು 2018ರಲ್ಲಿ. ಆಳುವವರು ಯಾರೇ ಇರಲಿ, ಎರಡೂ ಊರುಗಳ ಹೊಟ್ಟೆ ತುಂಬಿಸಿದ್ದು ನೇಕಾರಿಕೆ. ಹಟಗಾರರು, ದೇವಾಂಗರು, ಕುರುಹಿನಶೆಟ್ಟರು, ಪಟ್ಟಸಾಲಿಗಳು ಇಲ್ಲಿ ತಲೆತಲಾಂತರದಿಂದ ನೇಯುತ್ತ ಬಂದವರು.

ಜನಗಣತಿಯ ಲೆಕ್ಕ ನೋಡಿದರೆ ಮನಸ್ಸು ಭಾರವಾಗುತ್ತದೆ. 2001ರಲ್ಲಿ ಈ ಜೋಡಿ ಊರಿನಲ್ಲಿ ಸುಮಾರು 70 ಸಾವಿರ ಜನ, 2011ಕ್ಕೆ 77 ಸಾವಿರ. ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು ಹತ್ತರಷ್ಟು ಮಾತ್ರ ಏರಿತು. ಅದೇ ಅವಧಿಯಲ್ಲಿ ಜಮಖಂಡಿ 58 ಸಾವಿರದಿಂದ 69 ಸಾವಿರಕ್ಕೆ, ಮುಧೋಳ 42 ಸಾವಿರದಿಂದ 52 ಸಾವಿರಕ್ಕೆ ಬೆಳೆದವು. ಇಡೀ ರಾಜ್ಯದ ಏರಿಕೆಯೇ ನೂರಕ್ಕೆ 15.6. ಸುತ್ತಲ ಹೊಲಗಳಲ್ಲಿ ಕಬ್ಬು ಆಳೆತ್ತರ ನಿಂತಿದೆ, ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆ, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಆದರೆ ಹೊಲವಿಲ್ಲದ ನೇಕಾರನಿಗೆ ಕಬ್ಬಿನ ಬಿಲ್ಲಿನಿಂದ ಬರುವುದೇನು? ಮಗ್ಗ ಕೈಹಿಡಿಯದಿದ್ದರೆ ಅವನ ಮಗ ಊರು ಬಿಡಬೇಕು. ಬೆಳವಣಿಗೆ ಕುಂಟಿದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಇಲ್ಲಿಯ ಬದುಕು ತಿಳಿಯಬೇಕಾದರೆ ಒಂದು ಮನೆಯ ಒಳಗೆ ಹೋಗಬೇಕು. ಮುಂಬಾಗಿಲು ದಾಟಿದ ಕೂಡಲೇ ಪಡಸಾಲೆ ಇರಬೇಕಾದ ಜಾಗದಲ್ಲಿ ಎರಡು ಅಥವಾ ನಾಲ್ಕು ವಿದ್ಯುತ್ ಮಗ್ಗ. ಹಿಂದೆ ಇದೇ ಜಾಗದಲ್ಲಿ ನೆಲಕ್ಕೆ ಕುಣಿ ತೋಡಿ, ಕಾಲು ಇಳಿಬಿಟ್ಟು ಕೂತು ಕೈಮಗ್ಗ ನೇಯುತ್ತಿದ್ದರು. ಮೂಲೆಯಲ್ಲಿ ನೂಲಿನ ಚೀಲ, ಗೋಡೆಗೆ ಒರಗಿದ, ಹಾಸಿನ ನೂಲು ಸುತ್ತಿದ ಬೀಮು, ಅದರಾಚೆ ಒಲೆ, ದೇವರ ಜಗಲಿ, ಹಾಸಿಗೆ. ಮಗ್ಗ ಓಡುತ್ತಿದ್ದರೆ ಪಕ್ಕದವರ ಜೊತೆಗೂ ಕೂಗಿಯೇ ಮಾತಾಡಬೇಕು. ಶಾಲೆಯ ಮಗು ಆ ಸದ್ದಿನಲ್ಲೇ ಓದುತ್ತದೆ, ಬಾಣಂತಿ ಆ ಸದ್ದಿನಲ್ಲೇ ಮಲಗುತ್ತಾಳೆ. ಹತ್ತಿಯ ಸಣ್ಣ ಎಳೆ ಕಿಟಕಿ, ಪಾತ್ರೆ, ತಲೆಗೂದಲು ಎಲ್ಲದರ ಮೇಲೂ ಕೂತಿರುತ್ತದೆ. ಕರೆಂಟು ಹೋದಾಗಷ್ಟೇ ಮನೆ ಮನೆಯಂತಿರುತ್ತದೆ, ಆದರೆ ಆ ಹೊತ್ತಿನ ದುಡಿಮೆಯೂ ಹೋಗುತ್ತದೆ.

ಬಹಳ ಜನರಿಗೆ ನೂಲು ಸ್ವಂತದ್ದಲ್ಲ. ಮಾಲೀಕರು ಕೊಟ್ಟ ನೂಲು ತಂದು ನೇಯ್ದು, ಸೀರೆ ಒಪ್ಪಿಸಿ, ಸೀರೆಗಿಷ್ಟು ಎಂದು ಮಜೂರಿ ಪಡೆಯುತ್ತಾರೆ. ಸೀರೆ ಮಹಾರಾಷ್ಟ್ರದ ಪೇಟೆ ಸೇರುತ್ತದೆ. ಅಲ್ಲಿ ಬೇಡಿಕೆ ಕುಸಿದರೆ ಇಲ್ಲಿ ಬೀಮು ಬರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತಾಗ, ಮಜೂರಿಯನ್ನೇ ನಂಬಿದ ಮನೆಗಳಿಗೆ ಬೇರೆ ದಾರಿ ಇರಲಿಲ್ಲ. ಆ ವರ್ಷ ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಎಂದು ಕೈಮಗ್ಗದವರಿಗೆ ವರ್ಷಕ್ಕೆ 2,000 ರೂಪಾಯಿ ಘೋಷಿಸಿತು. 2023ರ ಬಜೆಟ್‌ನಲ್ಲಿ 10 ಅಶ್ವಶಕ್ತಿಯವರೆಗಿನ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತ ವಿದ್ಯುತ್ ಬಂತು. ಇದರಿಂದ ಖರ್ಚು ತಗ್ಗಿತು, ಮಜೂರಿ ಮಾತ್ರ ಮಾಲೀಕರ ಮಾತಿನ ಮೇಲೆಯೇ ನಿಂತಿದೆ. ಕೈಮಗ್ಗದವರದು ಇನ್ನೊಂದು ಗೋಳು. ಕೈಮಗ್ಗ ಅಭಿವೃದ್ಧಿ ನಿಗಮದ ಕಾಲೊನಿಗಳಲ್ಲಿ ಇರುವ ನೇಕಾರರು ತಾವು ಬಾಳಿದ ಮನೆಯ ಉತಾರ, ಅಂದರೆ ಆಸ್ತಿ ದಾಖಲೆ, ತಮ್ಮ ಹೆಸರಿಗೆ ಆಗಲಿ ಎಂದು ವರ್ಷಗಟ್ಟಲೆ ಕೇಳುತ್ತಲೇ ಬಂದಿದ್ದಾರೆ. ಅದು ನ್ಯಾಯವಾದ ಬೇಡಿಕೆ.

  

ಈ ಮಜೂರಿಯ ಲೆಕ್ಕದಿಂದ ಪೂರ್ತಿ ತಪ್ಪಿಹೋಗಿರುವವರು ಹೆಣ್ಣುಮಕ್ಕಳು. ಲಾಳಿಯೊಳಗಿನ ಕಂಡಿಕೆ, ಅಂದರೆ ಹೊಕ್ಕಿನ ನೂಲು ಸುತ್ತಿದ ಸಣ್ಣ ಕೊಳವೆ, ಕೆಲವೇ ನಿಮಿಷಕ್ಕೆ ಖಾಲಿಯಾಗುತ್ತದೆ. ದಿನವಿಡೀ ಮಗ್ಗ ಓಡಬೇಕಾದರೆ ದಿನವಿಡೀ ಯಾರೋ ಕಂಡಿಕೆ ಸುತ್ತುತ್ತಲೇ ಇರಬೇಕು. ರೊಟ್ಟಿ ಬಡಿದು, ನೀರು ತುಂಬಿ, ನಡುನಡುವೆ ಆ ಕೆಲಸ ಮಾಡುವವಳು ಮನೆಯೊಡತಿ. ಮಜೂರಿ ಮಾತ್ರ ಸೀರೆಯ ಲೆಕ್ಕದಲ್ಲಿ ಗಂಡಸಿನ ಕೈಗೆ. "ಏನ್ ಕೆಲಸ ಮಾಡ್ತೀರಿ ಅಕ್ಕಾರ" ಎಂದು ಕೇಳಿದರೆ, "ನಾ ಏನ್ ಮಾಡ್ತೇನ್ರೀ, ಮನ್ಯಾಗ ಇರ್ತೇನಿ" ಎನ್ನುತ್ತಾರೆ, ಸುತ್ತುವ ಕೈ ನಿಲ್ಲಿಸದೆ.

ಆದರೆ ಜನಗಣತಿಯ ನಮೂನೆಯಲ್ಲಿ ಗೃಹ ಕೈಗಾರಿಕೆಯಲ್ಲಿ ದುಡಿಯುವವರಿಗೆಂದೇ ಒಂದು ವರ್ಗವಿದೆ. ಸಂಬಳ ಬರದಿದ್ದರೂ ಮನೆಯ ಕಸುಬಿನಲ್ಲಿ ದುಡಿದವರು ದುಡಿದವರೇ. 2027ರ ಗಣತಿಗೆ ಮನೆ ಮನೆ ಹತ್ತುವ ಶಿಕ್ಷಕರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. "ಮನ್ಯಾಗ ಇರ್ತೇನಿ" ಎಂಬ ಉತ್ತರ ಬಂದಾಗ ಅಷ್ಟಕ್ಕೇ ಬಿಡದೆ, "ಕಂಡಿಕೆ ಯಾರ್ ಸುತ್ತತಾರ್ರೀ?" ಎಂದು ಇನ್ನೊಂದು ಮಾತು ಕೇಳಿ ಬರೆದುಕೊಳ್ಳಬೇಕು.