12345654321: ಒಂದು ಸಂಖ್ಯೆಯ ಚರಿತ್ರೆ

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ, ಹನ್ನೊಂದು ಅಂಕಿಗಳ ಪೂರ್ಣಾಂಕ, 111111ರ ವರ್ಗ. ನಮ್ಮ ಎಣಿಕೆಯಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321.

ಈ ಸಂಖ್ಯೆಯ ಚರಿತ್ರೆ ಕನ್ನಡ ನಾಡಿಗೆ ಸೇರಿದ್ದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಅದರ ಗುಣಾಕಾರದ ಭಾಗದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕವಿದೆ. ಅದರ ಉತ್ತರವೇ ಈ ಸಂಖ್ಯೆ. ಅಂಕಿಗಳು ಹಾರದ ಮಣಿಗಳಂತೆ ಎರಡೂ ಕಡೆ ಸಮನಾಗಿ ಜೋಡಣೆಗೊಳ್ಳುವ ಇಂಥ ಗುಣಲಬ್ಧಗಳನ್ನು ಅವನು ಕಂಠಾಭರಣ ಎಂದು ಕರೆದ. 139 × 109 = 15151, 152207 × 73 = 11111111, 142857143 × 7 = 1000000001 ಇದೇ ಗುಂಪಿನವು.

ದೊಡ್ಡ ಸಂಖ್ಯೆಗಳು ಆಗಿನವರಿಗೆ ಅಪರಿಚಿತವಾಗಿರಲಿಲ್ಲ. ಸೀಮೆಗಳ ಹೆಸರಿನಲ್ಲೇ ಸಂಖ್ಯೆಗಳಿದ್ದವು: ಅಮೋಘವರ್ಷನ ದಂಡನಾಯಕ ಬಂಕೇಶ ಆಳಿದ್ದು ಬನವಾಸಿ 12000, ಮುಂದೆ ದಾವಣಗೆರೆಗೆ ಸಮೀಪದ ಉಚ್ಚಂಗಿಯ ಪಾಂಡ್ಯರು ಆಳಿದ್ದು ನೊಳಂಬವಾಡಿ 32000. ಮಹಾವೀರನಂತೂ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಆದರೆ ಕಂಠಾಭರಣದ ಲೆಕ್ಕಗಳಿಂದ ಕಂದಾಯವನ್ನೂ ಕೂಡಲಾಗದು, ಧಾನ್ಯವನ್ನೂ ಅಳೆಯಲಾಗದು. ಕಲಿಯುವವನಿಗೆ ಸಂತೋಷವಾಗಲೆಂದೇ ಅವನ್ನು ಹೆಣೆದಂತಿದೆ. ಪಠ್ಯಪುಸ್ತಕವೊಂದಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಲೆಕ್ಕದ ಕಟ್ಟಡವೂ ಜಾಣತನದ್ದು. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ; 21 × 5291 = 111111. ವರ್ಗವನ್ನು ಎರಡು ವರ್ಗಗಳಾಗಿ ಒಡೆದು, ಮೂಲ ಕಾಣದಂತೆ ಮುಚ್ಚಿಟ್ಟಿದ್ದಾನೆ.

ಅಂಕಿಗಳು ಏರಿ ಇಳಿಯುವ ಕಾರಣ ಕಾಗದದ ಮೇಲೆ ತಾನೇ ಕಾಣುತ್ತದೆ. 111111ನ್ನು 111111ರಿಂದ ಗುಣಿಸುವಾಗ ಒಂದೇ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ ಬರೆಯಬೇಕು. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1, ಮುಂದಿನದರಲ್ಲಿ ಎರಡು, ನಡುವಿನದರಲ್ಲಿ ಆರು, ಆಮೇಲೆ ಮತ್ತೆ ಇಳಿಕೆ. ಎಲ್ಲಿಯೂ ದಶಕ ಇಲ್ಲ. ಹೀಗಾಗಿ ಅಂಕಿಗಳ ಮೊತ್ತ, ಬರೆದ ಒಂದುಗಳ ಸಂಖ್ಯೆಯಾದ 36ಕ್ಕೇ ಸಮ. ಒಂದುಗಳನ್ನು ಒಂಬತ್ತರವರೆಗೆ ಹೆಚ್ಚಿಸಿದರೂ ಕ್ರಮ ಕೆಡದು: 111111111ರ ವರ್ಗ 12345678987654321. ಹತ್ತಾದರೆ ನಡುವೆ ದಶಕ ಬಂದು 1234567900987654321 ಆಗುತ್ತದೆ, ಹಾರ ಹರಿಯುತ್ತದೆ.

111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಬರುವುದರಿಂದ ಈ ಸಂಖ್ಯೆಗೆ ಒಟ್ಟು 243 ಭಾಜಕಗಳಿವೆ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ‘ಗಣಿತಸಾರಸಂಗ್ರಹ’ವನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ರಚಿಸಿದ. ಮಹಾವೀರನ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು.