ಹೊಗೆ ಸೋಸುವ ಪೊರೆ

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್‌ ಪಾಲು ಶೇ. 12ರಿಂದ 15 ಮಾತ್ರ. ಉಳಿದದ್ದು ಬಹುಪಾಲು ಸಾರಜನಕ. ಬೇರ್ಪಡಿಸಲು ಬಳಕೆಯಲ್ಲಿರುವ ಅಮೈನ್ ದ್ರಾವಣವನ್ನು ಮತ್ತೆ ಮತ್ತೆ ಕಾಯಿಸಬೇಕು. ಪಾಲಿಮರ್ ಪೊರೆಗೆ ಆ ಶಾಖ ಬೇಡ. ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ ಬೇಗನೆ ಆಚೆ ದಾಟುತ್ತದೆ, ಸಾರಜನಕ ಹಿಂದುಳಿಯುತ್ತದೆ.

ತೊಡಕು ಬೇರೆಡೆ ಇದೆ. ಹೊಗೆಯ ಒತ್ತಡ ಹೆಚ್ಚುಕಡಿಮೆ ವಾತಾವರಣದಷ್ಟೇ ಆದುದರಿಂದ ಅನಿಲವನ್ನು ದಾಟಿಸಲು ನಿರ್ವಾತ ಪಂಪು, ಕಂಪ್ರೆಸರ್‌ಗಳು ಬೇಕು. ಅವಕ್ಕೆ ಸ್ಥಾವರದ ವಿದ್ಯುತ್ತೇ ವ್ಯಯವಾಗುತ್ತದೆ. ಅನಿಲವನ್ನು ಬೇಗ ಬಿಡುವ ಪಾಲಿಮರ್ ಆಯ್ಕೆಯಲ್ಲಿ ಸಡಿಲವಾಗಿರುತ್ತದೆ ಎಂಬ ಮಿತಿಯನ್ನು ಲಾಯ್ಡ್ ರೋಬ್ಸನ್ 1991ರಲ್ಲೇ ಗುರುತಿಸಿದ್ದರು.

ಅಮೆರಿಕದ ಎಂ.ಟಿ.ಆರ್. (ಬೆಂಗಳೂರಿನ ತಿಂಡಿಯ ಎಂ.ಟಿ.ಆರ್. ಅಲ್ಲ) ಸಂಸ್ಥೆಯ ‘ಪೊಲಾರಿಸ್’ ಪೊರೆಯನ್ನು 2015ರಲ್ಲಿ ಅಲಬಾಮಾದ ವಿಲ್ಸನ್‌ವಿಲ್‌ನಲ್ಲಿ ದಿನಕ್ಕೆ 20 ಟನ್ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ವಯೋಮಿಂಗ್‌ನ ಡ್ರೈ ಫೋರ್ಕ್ ಸ್ಥಾವರದ ಬಳಿಯ ಘಟಕಕ್ಕೆ ನಿಗದಿಯಾದ ಗುರಿ ದಿನಕ್ಕೆ ಸುಮಾರು 150 ಟನ್.